ಪ್ರಾಥಮಿಕ ಶಾಲಾ ಮಕ್ಕಳ ಹಾಡುವ ಧ್ವನಿಯ ಬೆಳವಣಿಗೆ: ಪೋಷಕರು ಮತ್ತು ಶಿಕ್ಷಕರಿಗೆ ಮಾಹಿತಿ

ಪೀಠಿಕೆ

ರಾಜ್ಯದ ಪ್ರಾಥಮಿಕ ಶಾಲೆಗಳಲ್ಲಿ ದಿನದ ಕಲಿಕೆಯು ಹಾಡಿನಿಂದ ಆರಂಭವಾಗುತ್ತದೆ. ಪ್ರಾರ್ಥನೆ, ನಾಡಗೀತೆ ಮತ್ತು ರಾಷ್ಟ್ರಗೀತೆಗಳ ನಂತರವೇ ಮಕ್ಕಳು ತರಗತಿಗೆ ತೆರಳುತ್ತಾರೆ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಯುನಿಸೆಫ್ ನೆರವಿನೊಂದಿಗೆ ಪ್ರಾರಂಭವಾದ ನಲಿ-ಕಲಿ ಪದ್ಧತಿಯಲ್ಲಿ ಹಾಡು, ಕಥೆ ಮತ್ತು ಆಟಗಳು ಕಲಿಕೆಯ ಮುಖ್ಯ ಸಾಧನಗಳಾಗಿವೆ. ಹೀಗಾಗಿ ಮಗುವು ಅಕ್ಷರ ಬರೆಯುವುದಕ್ಕೆ ಮೊದಲೇ ಹಾಡತೊಡಗುತ್ತದೆ. ಆದರೆ ಅಕ್ಷರವನ್ನು ತಿದ್ದಿಸುವಾಗ ಇರುವಷ್ಟು ಗಮನ ಧ್ವನಿಯನ್ನು ರೂಪಿಸುವಾಗ ಇರುವುದು ಅಪರೂಪ. ಗಟ್ಟಿಯಾಗಿ ಕೂಗುವ ಮಗು ಚೆನ್ನಾಗಿ ಹಾಡುತ್ತದೆ ಎಂದೂ, ಸ್ವರ ಸೇರದ ಮಗುವಿಗೆ ಸಂಗೀತ ಒಲಿಯುವುದಿಲ್ಲ ಎಂದೂ ಭಾವಿಸುವುದುಂಟು. ಇವೆರಡೂ ಸರಿಯಾದ ತಿಳಿವಳಿಕೆಗಳಲ್ಲ.

ಹಾಸನ ಜಿಲ್ಲೆಯ ಸಕಲೇಶಪುರ ಮತ್ತು ಆಲೂರು ತಾಲ್ಲೂಕುಗಳ ಮಲೆನಾಡು ಪ್ರದೇಶದಲ್ಲಿ, ಅದರಲ್ಲೂ ಪಶ್ಚಿಮ ಘಟ್ಟದ ಅಂಚಿನಲ್ಲಿರುವ ಹೊಂಗಡಹಳ್ಳದಂತಹ ಊರುಗಳಲ್ಲಿ, ಮನೆಗಳು ಕಾಫಿ ತೋಟ ಹಾಗೂ ಕಾಡುಗಳ ನಡುವೆ ಚದುರಿಕೊಂಡಿವೆ. ಇಂತಹ ಕಡೆಗಳಲ್ಲಿ ಕಿರಿಯ ಪ್ರಾಥಮಿಕ ಶಾಲೆಗಳು ಸಾಮಾನ್ಯವಾಗಿ ಚಿಕ್ಕವು. ಒಬ್ಬರು ಅಥವಾ ಇಬ್ಬರು ಶಿಕ್ಷಕರು ಹಲವು ತರಗತಿಗಳನ್ನು ಒಟ್ಟಿಗೆ ನಡೆಸಬೇಕಾಗುತ್ತದೆ. 2009ರ ಮಕ್ಕಳ ಉಚಿತ ಮತ್ತು ಕಡ್ಡಾಯ ಶಿಕ್ಷಣ ಹಕ್ಕು ಅಧಿನಿಯಮದ ಅನುಸೂಚಿಯು ಕಲಾ ಶಿಕ್ಷಣಕ್ಕೆ ಅರೆಕಾಲಿಕ ಬೋಧಕರನ್ನು ಸೂಚಿಸಿರುವುದು 6ರಿಂದ 8ನೆಯ ತರಗತಿಗಳಿಗೆ, ಅದೂ ಮಕ್ಕಳ ಸಂಖ್ಯೆ 100ಕ್ಕಿಂತ ಹೆಚ್ಚಿರುವಲ್ಲಿ. ಆದುದರಿಂದ ಚಿಕ್ಕ ಶಾಲೆಗಳಲ್ಲಿ ತರಗತಿಯ ಶಿಕ್ಷಕರೇ ಸಂಗೀತ ಶಿಕ್ಷಕರೂ ಆಗಿರುತ್ತಾರೆ. ಶಾಸ್ತ್ರೀಯ ಸಂಗೀತವನ್ನು ಕಲಿಯದ ಶಿಕ್ಷಕರು ಹಾಗೂ ಪೋಷಕರು ಸಹ ಅನುಸರಿಸಬಹುದಾದ ಕ್ರಮಗಳನ್ನು ಇಲ್ಲಿ ವಿವರಿಸಲಾಗಿದೆ.

ಈ ಎಲ್ಲ ಕ್ರಮಗಳ ಹಿಂದಿರುವ ತತ್ತ್ವ ಒಂದೇ: ಹಾಡಿನ ಶ್ರುತಿಯು ಮಗುವಿನ ಕಂಠಕ್ಕೆ ಹೊಂದಬೇಕು, ಮಗುವಿನ ಕಂಠವನ್ನು ದೊಡ್ಡವರ ಶ್ರುತಿಗೆ ಎಳೆಯಬಾರದು.

ಮಗುವಿನ ಧ್ವನಿಯ ಸ್ವರೂಪ

ಗಂಟಲಿನ ಧ್ವನಿ ಪೆಟ್ಟಿಗೆಯೊಳಗೆ ಎರಡು ಧ್ವನಿ ತಂತುಗಳಿರುತ್ತವೆ. ಶ್ವಾಸಕೋಶದಿಂದ ಹೊರಬರುವ ಉಸಿರು ಇವುಗಳ ನಡುವೆ ಹಾಯ್ದಾಗ ತಂತುಗಳು ಕಂಪಿಸಿ ಧ್ವನಿ ಹುಟ್ಟುತ್ತದೆ. ವಯಸ್ಕ ಪುರುಷರಲ್ಲಿ ತಂತುಗಳು ಉದ್ದವಾಗಿಯೂ ದಪ್ಪವಾಗಿಯೂ ಇದ್ದು, ಮಾತನಾಡುವಾಗ ಸೆಕೆಂಡಿಗೆ ಸುಮಾರು 120 ಸಲ ಕಂಪಿಸುತ್ತವೆ. ವಯಸ್ಕ ಮಹಿಳೆಯರಲ್ಲಿ ಈ ಸಂಖ್ಯೆ ಸುಮಾರು 200. ಚಿಕ್ಕ ಮಕ್ಕಳಲ್ಲಿ ತಂತುಗಳು ಇನ್ನೂ ಗಿಡ್ಡವಾಗಿರುವುದರಿಂದ ಕಂಪನವು ಸುಮಾರು 250ರಿಂದ 300ರಷ್ಟಿರುತ್ತದೆ. ಮಗುವಿನ ಧ್ವನಿ ಎತ್ತರವಾಗಿ ಕೇಳಿಸಲು ಇದೇ ಕಾರಣ.

ಉದ್ದವೊಂದೇ ಅಲ್ಲದೆ ತಂತುಗಳ ಒಳರಚನೆಯೂ ಬಾಲ್ಯದಲ್ಲಿ ಪೂರ್ಣವಾಗಿ ಬಲಿತಿರುವುದಿಲ್ಲ. ಹರೆಯದವರೆಗೂ ಈ ಬೆಳವಣಿಗೆ ಮುಂದುವರಿಯುತ್ತದೆ. ಎಳೆಯ ತಂತುಗಳು ಹಗುರವಾದ ಧ್ವನಿಗೆ ತಕ್ಕವು. ದೊಡ್ಡವರಂತೆ ತುಂಬುಕಂಠದಿಂದ ಬಹಳ ಹೊತ್ತು ಹಾಡುವುದಕ್ಕೆ ಅವು ಸಿದ್ಧವಾಗಿರುವುದಿಲ್ಲ. ಪ್ರಾಥಮಿಕ ಶಾಲೆಯ ವಯಸ್ಸಿನಲ್ಲಿ ಹುಡುಗ ಮತ್ತು ಹುಡುಗಿಯರ ಧ್ವನಿಯ ಎತ್ತರದಲ್ಲಿ ಹೇಳಿಕೊಳ್ಳುವಂತಹ ವ್ಯತ್ಯಾಸ ಇಲ್ಲವಾದುದರಿಂದ ಹುಡುಗರು ‘ಗಂಡುದನಿ’ಯಲ್ಲಿ ಹಾಡಬೇಕೆಂದು ನಿರೀಕ್ಷಿಸುವುದು ತರವಲ್ಲ.

ಮಗುವಿಗೆ ನಾಲ್ಕು ಬಗೆಯ ದನಿಗಳಿವೆ: ಪಿಸುಮಾತು, ಮಾತು, ಕೂಗು ಮತ್ತು ಹಾಡು. ಮೊದಲ ಮೂರನ್ನು ಮಗು ತಾನಾಗಿಯೇ ಬಲ್ಲದು. ನಾಲ್ಕನೆಯದನ್ನು ಕೆಲವು ಮಕ್ಕಳು ಮನೆಯಲ್ಲಿಯೇ ಕಂಡುಕೊಂಡಿರುತ್ತಾರೆ. ಉಳಿದವರು ಶಾಲೆಯಲ್ಲಿ ಕಂಡುಕೊಳ್ಳಬೇಕು. ಹಾಡೆಂದು ಹೇಳಿ ಮಾತಿನ ದನಿಯಲ್ಲಿಯೇ ಒಪ್ಪಿಸುವ ಅಥವಾ ಕೂಗುವ ಮಗುವಿಗೆ ಸಂಗೀತಜ್ಞಾನ ಇಲ್ಲವೆಂದು ತೀರ್ಮಾನಿಸಬಾರದು. ಅದಕ್ಕೆ ತನ್ನ ಹಾಡುವ ದನಿ ಇನ್ನೂ ದೊರೆತಿಲ್ಲ ಎಂದಷ್ಟೇ ತಿಳಿಯಬೇಕು.

ಮಕ್ಕಳಿಗೆ ಹೊಂದುವ ಶ್ರುತಿ

ಹಾರ್ಮೋನಿಯಂ ಅಥವಾ ಕೀಬೋರ್ಡಿನಲ್ಲಿ ಎರಡು ಕಪ್ಪು ಮನೆಗಳ ಗುಂಪಿನ ಎಡಕ್ಕೆ ಇರುವ ಬಿಳಿ ಮನೆಯನ್ನು ಒಂದು ಮನೆ ಶ್ರುತಿ ಎನ್ನಲಾಗುತ್ತದೆ. ಕೀಬೋರ್ಡಿನ ನಡುಭಾಗದಲ್ಲಿ ಈ ಮನೆಯ ಕಂಪನ ಸೆಕೆಂಡಿಗೆ ಸುಮಾರು 262. ಅಲ್ಲಿಂದ ಬಲಕ್ಕೆ ಬಿಳಿ ಮನೆಗಳನ್ನು ಎಣಿಸಿದರೆ ಎರಡು ಮನೆ ಸುಮಾರು 294, ಆರು ಮನೆ 440. ಮಕ್ಕಳ ವಯಸ್ಸಿಗೆ ಅನುಗುಣವಾಗಿ ಸರಾಗವಾಗಿ ಹಾಡಬಹುದಾದ ವ್ಯಾಪ್ತಿ ಸ್ಥೂಲವಾಗಿ ಈ ಕೆಳಗಿನಂತಿದೆ:

1. 5ರಿಂದ 6 ವರ್ಷ: ಎರಡು ಮನೆಯಿಂದ ಆರು ಮನೆಯವರೆಗೆ, ಅಂದರೆ ಸುಮಾರು ಐದು ಸ್ವರಗಳು.
2. 7ರಿಂದ 8 ವರ್ಷ: ಒಂದು ಮನೆಯಿಂದ ಏಳು ಮನೆಯವರೆಗೆ, ಅಂದರೆ ಒಂದು ಸ್ಥಾಯಿಗೆ ತುಸು ಕಡಿಮೆ.
3. 9ರಿಂದ 10 ವರ್ಷ: ಅಭ್ಯಾಸವಿರುವ ಮಕ್ಕಳಲ್ಲಿ ಒಂದು ಸ್ಥಾಯಿ ಅಥವಾ ಅದಕ್ಕಿಂತ ತುಸು ಹೆಚ್ಚು.

ಮಗುವಿನಿಂದ ಮಗುವಿಗೆ ವ್ಯತ್ಯಾಸ ಇರುವುದು ಸಹಜ. ಆದರೂ ಈ ಪಟ್ಟಿಯಿಂದ ಒಂದು ಮುಖ್ಯ ಅಂಶ ಸ್ಪಷ್ಟವಾಗುತ್ತದೆ. ಮಹಿಳೆಯರು ಸಾಮಾನ್ಯವಾಗಿ ಐದು ಅಥವಾ ಐದೂವರೆ ಮನೆ ಶ್ರುತಿಯಲ್ಲಿ ಹಾಡುತ್ತಾರೆ. ಆ ಶ್ರುತಿಯ ಆಧಾರ ಷಡ್ಜವು ಸೆಕೆಂಡಿಗೆ ಸುಮಾರು 200 ಕಂಪನಗಳಷ್ಟು ಕೆಳಗಿರುತ್ತದೆ. ಶಿಕ್ಷಕಿಯು ತಮಗೆ ಹಿತವಾದ ಈ ಶ್ರುತಿಯಲ್ಲಿ ಹಾಡನ್ನು ಎತ್ತಿಕೊಟ್ಟರೆ, ಒಂದನೆಯ ತರಗತಿಯ ಮಗುವಿಗೆ ಆ ಸ್ವರಗಳು ಎಟಕುವುದಿಲ್ಲ. ಮಗು ಹಾಡುವುದನ್ನು ಬಿಟ್ಟು ಗೊಣಗುತ್ತದೆ, ಇಲ್ಲವೇ ಮಾತಿನ ದನಿಯಲ್ಲಿ ಒಪ್ಪಿಸುತ್ತದೆ. ‘ಗಟ್ಟಿಯಾಗಿ ಹೇಳಿ’ ಎಂದಾಗ ಅದೇ ಗೊಣಗು ಕೂಗಾಗುತ್ತದೆ.

ಪುರುಷ ಶಿಕ್ಷಕರು ಒಂದು ಮನೆ ಶ್ರುತಿಯಲ್ಲಿ ಹಾಡಿದಾಗ ಅವರ ಧ್ವನಿಯು ಮಕ್ಕಳ ಧ್ವನಿಗಿಂತ ಒಂದು ಸ್ಥಾಯಿ ಕೆಳಗಿರುತ್ತದೆ. ಅನೇಕ ಮಕ್ಕಳು ಅದನ್ನು ಮೇಲಿನ ಸ್ಥಾಯಿಯಲ್ಲಿ ಸರಿಯಾಗಿ ಹಿಡಿಯುತ್ತಾರೆ. ಕೆಲವರು ಕೆಳದನಿಯನ್ನೇ ಅನುಕರಿಸಲು ಯತ್ನಿಸಿ ಗೊಗ್ಗರು ದನಿ ತೆಗೆಯುತ್ತಾರೆ. ಇಂತಹ ಸಂದರ್ಭದಲ್ಲಿ ಶಿಕ್ಷಕರು ಒಂದು ಸಾಲನ್ನು ತಾವು ಹಾಡಿ, ಅದನ್ನೇ ಸ್ವರ ಸೇರುವ ಒಂದು ಮಗುವಿನಿಂದ ಹಾಡಿಸಿ, ನಂತರ ಉಳಿದವರಿಂದ ಹಾಡಿಸುವುದು ಉತ್ತಮ. ಮಕ್ಕಳು ಮತ್ತೊಂದು ಮಗುವಿನ ಧ್ವನಿಯನ್ನು ಸುಲಭವಾಗಿ ಅನುಕರಿಸುತ್ತಾರೆ.

ಹಾರ್ಮೋನಿಯಂ, ಶ್ರುತಿ ಪೆಟ್ಟಿಗೆ ಅಥವಾ ಮೊಬೈಲ್ ಫೋನಿನ ತಂಬೂರಿ ಆ್ಯಪ್ ಇದ್ದಲ್ಲಿ ಒಂದು ಮನೆ ಅಥವಾ ಎರಡು ಮನೆ ಶ್ರುತಿಯನ್ನು ಇಟ್ಟುಕೊಂಡು ಆರಂಭಿಸಬಹುದು. ಯಾವ ಸಲಕರಣೆಯೂ ಇಲ್ಲದಿದ್ದರೆ ಆಟದ ಮೈದಾನವನ್ನು ಗಮನಿಸುವುದು ಸಾಕು. ಮಗುವೊಂದು ದೂರದ ಗೆಳೆಯನನ್ನು ರಾಗವಾಗಿ ಎಳೆದು ಕರೆಯುವಾಗ ಅದರ ಧ್ವನಿ ಯಾವ ಎತ್ತರದಲ್ಲಿದೆಯೋ ಆ ಎತ್ತರವು ಹಾಡಿನ ನಡುವಣ ಸ್ವರಗಳಿಗೆ ಹೊಂದುವಂತೆ ಹಾಡನ್ನು ಎತ್ತಿಕೊಡಬಹುದು.

ನಾಡಗೀತೆ ಮತ್ತು ರಾಷ್ಟ್ರಗೀತೆಯನ್ನು ಹಾಡಿಸುವಾಗ

ರಾಷ್ಟ್ರಗೀತೆಯನ್ನು ಪೂರ್ಣವಾಗಿ ಹಾಡಲು ಸುಮಾರು 52 ಸೆಕೆಂಡುಗಳು ಬೇಕು. ಅದರ ಧಾಟಿಯು ಆಧಾರ ಷಡ್ಜದ ಕೆಳಗಿನ ನಿಷಾದದಿಂದ ತಾರ ಷಡ್ಜದವರೆಗೆ, ಅಂದರೆ ಒಂದು ಸ್ಥಾಯಿಗಿಂತ ತುಸು ಹೆಚ್ಚು ವ್ಯಾಪ್ತಿಯಲ್ಲಿದೆ. ಐದು ಮನೆ ಶ್ರುತಿಯಲ್ಲಿ ಆರಂಭಿಸಿದರೆ ಮೊದಲ ಸಾಲುಗಳು ಚಿಕ್ಕ ಮಕ್ಕಳ ಪಾಲಿಗೆ ತೀರ ಕೆಳಗಾಗುತ್ತವೆ. ಮೂರು ಅಥವಾ ನಾಲ್ಕು ಮನೆಯಲ್ಲಿ, ಮಕ್ಕಳ ಸ್ಥಾಯಿಯಲ್ಲಿ ಎತ್ತಿದರೆ ಕೊನೆಯ ಜಯಘೋಷದ ಭಾಗವು ಕೈಗೆಟುಕದೆ ಚೀರಾಟವಾಗುತ್ತದೆ. ಒಂದು ಮನೆ ಶ್ರುತಿಯಲ್ಲಿ ಮಕ್ಕಳ ಸ್ಥಾಯಿಗೆ ಎತ್ತಿಕೊಟ್ಟಾಗ ಎರಡೂ ತುದಿಗಳು ಹೆಚ್ಚಿನ ಮಕ್ಕಳಿಗೆ ಎಟಕುತ್ತವೆ. ತೀರ ಚಿಕ್ಕ ಮಕ್ಕಳು ಮೇಲಿನ ಭಾಗವನ್ನು ಮೆಲುದನಿಯಲ್ಲಿ ಹಾಡಿದರೆ ಗೌರವಕ್ಕೆ ಯಾವ ಕುಂದೂ ಬರುವುದಿಲ್ಲ.

ರಾಷ್ಟ್ರಕವಿ ಕುವೆಂಪು ಅವರ ರಚನೆಯು 2004ರಲ್ಲಿ ನಾಡಗೀತೆಯಾಗಿ ಘೋಷಿತವಾಯಿತು. ಮೈಸೂರು ಅನಂತಸ್ವಾಮಿ ಅವರ ಧಾಟಿಯಲ್ಲಿ 2 ನಿಮಿಷ 30 ಸೆಕೆಂಡುಗಳ ಅವಧಿಯಲ್ಲಿ ಅದನ್ನು ಹಾಡಬೇಕೆಂದು ಸರ್ಕಾರವು 2022ರಲ್ಲಿ ನಿಗದಿಪಡಿಸಿತು. ಆರು ವರ್ಷದ ಮಗುವಿಗೆ ಇದು ದೀರ್ಘವಾದ ಗೀತೆ. ಪದಗಳು ಸ್ಪಷ್ಟವಾಗಿ ಬರುವ ಮೊದಲೇ ಪೂರ್ಣವಾಗಿ ಹಾಡಿಸಿದರೆ ಮಕ್ಕಳು ತೋಚಿದ ಶಬ್ದಗಳನ್ನು ಕೂಗಿ ಸಾಲು ತುಂಬಿಸುತ್ತಾರೆ. ವಾರಕ್ಕೆ ಒಂದು ಭಾಗದಂತೆ ಮೊದಲು ಕೇಳಿಸಿ, ಅರ್ಥ ಹೇಳಿ, ಪದಗಳನ್ನು ಮಾತಿನಲ್ಲಿ ಹೇಳಿಸಿ, ನಂತರ ಹಾಡಿಸುವುದು ಸೂಕ್ತ. ಅಲ್ಲಿಯವರೆಗೆ ಚಿಕ್ಕವರು ತಮಗೆ ಬರುವ ಭಾಗವನ್ನು ಹಾಡಿ, ಉಳಿದ ಭಾಗವನ್ನು ಹಿರಿಯ ಮಕ್ಕಳಿಂದ ಕೇಳಬಹುದು.

ಬೆಳಗಿನ ಸಭೆಯಲ್ಲಿ ಹಾಡುವ ಈ ಗೀತೆಗಳೇ ದಿನದ ಮೊದಲ ಹಾಡುಗಳೂ ಆಗಿರುತ್ತವೆ. ತೋಟದ ಲೈನ್ ಮನೆಗಳಿಂದಲೂ ದೂರದ ಒಂಟಿ ಮನೆಗಳಿಂದಲೂ ಚಳಿಯಲ್ಲಿ ನಡೆದು ಬಂದ ಮಕ್ಕಳ ಕಂಠ ಆಗಿನ್ನೂ ಬಿಗಿಯಾಗಿರುತ್ತದೆ. ಸಭೆಗೆ ಮುನ್ನ ಒಂದು ನಿಮಿಷ ಕಂಠವನ್ನು ಸಡಿಲಗೊಳಿಸಿದರೆ ಹಾಡುವುದು ಸುಲಭವಾಗುತ್ತದೆ.

ದಿನಕ್ಕೆ ಹತ್ತು ನಿಮಿಷದ ಅಭ್ಯಾಸ

ವಾರಕ್ಕೊಮ್ಮೆ ಒಂದು ಗಂಟೆ ಹಾಡಿಸುವುದಕ್ಕಿಂತ ದಿನಕ್ಕೆ ಹತ್ತು ನಿಮಿಷ ಹಾಡಿಸುವುದು ಎಳೆಯ ಕಂಠಕ್ಕೆ ಹಿತಕರ. ಬಹುತರಗತಿ ಬೋಧನೆ ಇರುವ ಶಾಲೆಗಳಲ್ಲಿ ಎಲ್ಲ ಮಕ್ಕಳನ್ನೂ ಒಟ್ಟಿಗೆ ಕೂಡಿಸಿ ಇದನ್ನು ನಡೆಸಬಹುದು.

1. ನಿಲುವು ಮತ್ತು ಉಸಿರು (1 ನಿಮಿಷ): ಮಕ್ಕಳು ಬೆನ್ನು ನೇರವಾಗಿಟ್ಟು, ಭುಜ ಸಡಿಲಿಸಿ ನಿಲ್ಲಬೇಕು. ಹೂವನ್ನು ಮೂಸುವಂತೆ ಸದ್ದಿಲ್ಲದೆ ಉಸಿರೆಳೆದು, ಬಿಸಿ ಗಂಜಿಯನ್ನು ಆರಿಸುವಂತೆ ನಿಧಾನವಾಗಿ ಬಿಡಬೇಕು. ಉಸಿರೆಳೆಯುವಾಗ ಭುಜಗಳು ಮೇಲೇಳಬಾರದು.

2. ದನಿಯ ಜಾರುಬಂಡೆ (2 ನಿಮಿಷ): ಕೋಗಿಲೆಯ ಕೂಗು, ಘಟ್ಟದಲ್ಲಿ ಸಾಗುವ ರೈಲಿನ ಸಿಳ್ಳು, ಏರು ಹತ್ತುವ ಬಸ್ಸಿನ ಸದ್ದು, ಗಾಳಿಯ ಸುಯ್ಯೆನ್ನುವಿಕೆ ಇವುಗಳನ್ನು ಅನುಕರಿಸಲು ಹೇಳಬೇಕು. ಮಲೆನಾಡಿನ ಮಕ್ಕಳಿಗೆ ಪರಿಚಿತವಾದ ಸಿಳ್ಳಾರ ಹಕ್ಕಿಯ ಶಿಳ್ಳೆಯನ್ನು ‘ಊ’ ಎಂಬ ಸ್ವರದಲ್ಲಿ ಅನುಕರಿಸಬಹುದು. ಧ್ವನಿಯು ಕೆಳಗಿನಿಂದ ಮೇಲಕ್ಕೂ ಮೇಲಿನಿಂದ ಕೆಳಕ್ಕೂ ಜಾರುವಾಗ ಮಗು ತನ್ನ ಮೇಲುದನಿಯನ್ನು ತಾನೇ ಕಂಡುಕೊಳ್ಳುತ್ತದೆ. ಹಾಡುವ ದನಿ ದೊರಕುವುದು ಬಹುಮಟ್ಟಿಗೆ ಈ ಆಟದಲ್ಲಿಯೇ.

3. ಕರೆ ಮತ್ತು ಓಗೊಡುವಿಕೆ (3 ನಿಮಿಷ): ಶಿಕ್ಷಕರು ಮಗುವಿನ ಹೆಸರನ್ನು ಎರಡು ಸ್ವರಗಳಲ್ಲಿ ರಾಗವಾಗಿ ಕರೆಯಬೇಕು, ಮಗು ‘ಇದ್ದೇನೆ’ ಎಂದು ಅದೇ ಸ್ವರಗಳಲ್ಲಿ ಉತ್ತರಿಸಬೇಕು. ಹಾಜರಿ ಕರೆಯುವಾಗಲೇ ಇದನ್ನು ನಡೆಸಿದರೆ ಪ್ರತ್ಯೇಕ ಸಮಯ ಬೇಕಾಗುವುದಿಲ್ಲ. ಪಂಚಮದಿಂದ ಗಾಂಧಾರಕ್ಕೆ ಇಳಿಯುವ ಎರಡು ಸ್ವರಗಳು ಚಿಕ್ಕ ಮಕ್ಕಳಿಗೆ ಅತ್ಯಂತ ಸುಲಭ. ಹಂಗೇರಿ ದೇಶದ ಸಂಗೀತಜ್ಞ ಜೋಲ್ತಾನ್ ಕೊದಾಯ್ (1882–1967) ಅವರ ಚಿಂತನೆಯನ್ನು ಆಧರಿಸಿದ ಶಾಲಾ ಸಂಗೀತ ಪದ್ಧತಿಯಲ್ಲಿ ಪಾಠಗಳು ಸಾಮಾನ್ಯವಾಗಿ ಈ ಎರಡು ಸ್ವರಗಳಿಂದಲೇ ಆರಂಭವಾಗುತ್ತವೆ.

4. ಒಂದು ಹಾಡು (4 ನಿಮಿಷ): ಶಿಕ್ಷಕರು ಮೊದಲು ಪೂರ್ಣವಾಗಿ ಹಾಡಬೇಕು. ಮಕ್ಕಳು ಕೇಳಬೇಕು. ನಂತರ ಒಂದೊಂದೇ ಸಾಲನ್ನು ಹಾಡಿಸಬೇಕು. ಮಕ್ಕಳು ಹಾಡುವಾಗ ಶಿಕ್ಷಕರು ಒಮ್ಮೊಮ್ಮೆ ತಮ್ಮ ಹಾಡು ನಿಲ್ಲಿಸಿ ಆಲಿಸಬೇಕು. ಶಿಕ್ಷಕರು ಸದಾ ಜೊತೆಗೆ ಗಟ್ಟಿಯಾಗಿ ಹಾಡುತ್ತಿದ್ದರೆ ಯಾವ ಮಗುವಿನ ಸ್ವರ ಎಲ್ಲಿದೆ ಎಂಬುದು ಅವರಿಗೆ ತಿಳಿಯುವುದಿಲ್ಲ.

ಸಂಗೀತಾಭ್ಯಾಸವಿರುವ ಶಿಕ್ಷಕರು ಸರಳೆ ವರಸೆಯನ್ನು ಬಳಸಬಹುದು. ಆದರೆ ಮೊದಲ ವರಸೆಯೇ ಆಧಾರ ಷಡ್ಜದಿಂದ ತಾರ ಷಡ್ಜದವರೆಗೆ ಪೂರ್ಣ ಸ್ಥಾಯಿಯಲ್ಲಿದೆ. ಐದಾರು ವರ್ಷದ ಮಕ್ಕಳಿಗೆ ಮೊದಲು ಪಂಚಮದವರೆಗಿನ ಸ್ವರಗಳನ್ನು ಮಾತ್ರ ಹಾಡಿಸಿ, ಕಂಠ ಒದಗಿದ ಮೇಲೆ ಮುಂದುವರಿಯುವುದು ಒಳಿತು.

ಮಳೆಗಾಲದಲ್ಲಿ ಗಮನಿಸಬೇಕಾದ ಅಂಶ

ಜೂನ್ ತಿಂಗಳಿನಿಂದ ಸೆಪ್ಟೆಂಬರ್‌ವರೆಗೆ ಹೊಂಗಡಹಳ್ಳದ ಸುತ್ತಿನ ಪ್ರದೇಶದಲ್ಲಿ ಭಾರಿ ಮಳೆಯಾಗುತ್ತದೆ. ಹೆಂಚು ಅಥವಾ ತಗಡಿನ ಚಾವಣಿಯ ಕೊಠಡಿಯಲ್ಲಿ ಮಳೆಯ ಸದ್ದಿಗೆ ಮಾತೇ ಕೇಳಿಸದು. ಸುತ್ತಲ ಸದ್ದು ಹೆಚ್ಚಿದಂತೆ ಮನುಷ್ಯನು ತನಗರಿವಿಲ್ಲದೆಯೇ ಧ್ವನಿಯನ್ನು ಏರಿಸುತ್ತಾನೆ. ಇಂತಹ ವೇಳೆಯಲ್ಲಿ ಹಾಡಿಸಿದರೆ ಮಕ್ಕಳು ಮಳೆಯೊಡನೆ ಪೈಪೋಟಿಗಿಳಿದು ಕೂಗುತ್ತಾರೆ. ತಮ್ಮ ಸ್ವರ ತಮಗೇ ಕೇಳಿಸದ ಕಾರಣ ಸ್ವರ ತಿದ್ದಿಕೊಳ್ಳುವುದೂ ಸಾಧ್ಯವಾಗುವುದಿಲ್ಲ. ಮಳೆಗಾಲದ ಮೊದಲ ತಿಂಗಳುಗಳು ಶಾಲಾ ವರ್ಷದ ಆರಂಭವೂ ಆಗಿರುವುದರಿಂದ, ಒಂದನೆಯ ತರಗತಿಗೆ ಹೊಸದಾಗಿ ಸೇರಿದ ಮಗುವು ಹಾಡುವುದೆಂದರೆ ಕೂಗುವುದೆಂದು ಕಲಿಯುವ ಸಂಭವ ಈ ಅವಧಿಯಲ್ಲಿಯೇ ಹೆಚ್ಚು.

ಆದುದರಿಂದ ಮಳೆ ಜೋರಾಗಿರುವಾಗ ಹಾಡಿನ ಬದಲು ಈ ಚಟುವಟಿಕೆಗಳನ್ನು ನಡೆಸುವುದು ಸೂಕ್ತ:

1. ಚಪ್ಪಾಳೆ, ಚಿಟಿಕೆ ಮತ್ತು ಹೆಜ್ಜೆಗಳಿಂದ ತಾಳ ಹಾಕುವುದು. ಕೋಲಾಟದ ಹೆಜ್ಜೆಗಳ ಅಭ್ಯಾಸ.
2. ಹಾಡಿನ ಅಭಿನಯವನ್ನು ಮಾತಿಲ್ಲದೆ ಮಾಡಿ ತೋರಿಸಿ, ಯಾವ ಹಾಡೆಂದು ಗುರುತಿಸುವ ಆಟ.
3. ತುಟಿ ಮುಚ್ಚಿ ಮೆಲ್ಲನೆ ಗುನುಗುವುದು. ಕಿವಿಗೆ ಅಂಗೈಯನ್ನು ಬೊಗಸೆಯಂತೆ ಹಿಡಿದರೆ ಮಗುವಿಗೆ ತನ್ನ ದನಿ ಕೇಳಿಸುತ್ತದೆ.
4. ಮಳೆಯ ಸದ್ದನ್ನೇ ಆಲಿಸಿ, ಅದು ಏರುವುದನ್ನೂ ಇಳಿಯುವುದನ್ನೂ ಕೈಯಿಂದ ತೋರಿಸುವುದು.

ಮಳೆ ಹೊಳವಾದ ಕೂಡಲೇ ಹತ್ತು ನಿಮಿಷ ಹಾಡಿಸಬಹುದು. ಸಂಗೀತದ ಅವಧಿಯನ್ನು ಗಡಿಯಾರಕ್ಕಿಂತ ಮಳೆಯನ್ನು ನೋಡಿ ನಿರ್ಧರಿಸುವುದು ಈ ಪ್ರದೇಶದಲ್ಲಿ ಹೆಚ್ಚು ಪ್ರಾಯೋಗಿಕ. ಮಳೆಯ ಸದ್ದಿನಲ್ಲಿ ಪಾಠ ಹೇಳುವ ಶಿಕ್ಷಕರ ಕಂಠಕ್ಕೂ ಇದರಿಂದ ವಿಶ್ರಾಂತಿ ದೊರೆಯುತ್ತದೆ.

ಹಾಡುಗಳ ಆಯ್ಕೆ

ಚಿಕ್ಕ ಮಕ್ಕಳ ಹಾಡಿಗೆ ಮೂರು ಲಕ್ಷಣಗಳಿರಬೇಕು: ಸ್ವರಗಳ ವ್ಯಾಪ್ತಿ ಕಿರಿದಾಗಿರಬೇಕು, ಸಾಲುಗಳು ಒಂದು ಉಸಿರಿಗೆ ಮುಗಿಯುವಷ್ಟು ಚಿಕ್ಕವಾಗಿರಬೇಕು ಮತ್ತು ಸಾಲುಗಳು ಮರುಕಳಿಸುತ್ತಿರಬೇಕು. ಕನ್ನಡದಲ್ಲಿ ಇಂತಹ ಶಿಶುಗೀತೆಗಳಿಗೆ ಕೊರತೆಯಿಲ್ಲ. ಸ್ವತಃ ಶಿಕ್ಷಕರಾಗಿದ್ದ ಪಂಜೆ ಮಂಗೇಶರಾಯರು (1874–1937), ಜಿ.ಪಿ. ರಾಜರತ್ನಂ ಮತ್ತು ದಿನಕರ ದೇಸಾಯಿ ಅವರ ಮಕ್ಕಳ ಪದ್ಯಗಳ ಗಿಡ್ಡ ಸಾಲುಗಳು ಎಳೆಯ ಉಸಿರಿಗೆ ಹೊಂದುತ್ತವೆ. ಚಲನಚಿತ್ರ ಗೀತೆಗಳು ಹಾಗೂ ಭಾವಗೀತೆಗಳು ಸಾಮಾನ್ಯವಾಗಿ ವಯಸ್ಕರ ಕಂಠಕ್ಕಾಗಿ ಸಂಯೋಜನೆಗೊಂಡವು. ಧ್ವನಿಮುದ್ರಿಕೆಯೊಡನೆ ಅದೇ ಶ್ರುತಿಯಲ್ಲಿ ಹಾಡಿಸಿದರೆ ಮಕ್ಕಳ ಕಂಠಕ್ಕೆ ಶ್ರಮವಾಗುತ್ತದೆ.

ಊರಿನ ಹಾಡುಗಳೂ ಉತ್ತಮ ಪಠ್ಯಗಳೇ. ಸಕಲೇಶಪುರ ಭಾಗದ ಹಳ್ಳಿಗಳಲ್ಲಿ ಸುಗ್ಗಿ ಹಬ್ಬದ ಆಚರಣೆಯಿದೆ. ಮದುವೆ ಮನೆಗಳಲ್ಲಿ ಸೋಬಾನೆ ಪದಗಳನ್ನು ಬಲ್ಲ ಹಿರಿಯರಿದ್ದಾರೆ. ಒಬ್ಬರು ಹೇಳಿಕೊಟ್ಟು ಉಳಿದವರು ಸೊಲ್ಲೆತ್ತುವ ಈ ಪದಗಳ ಕ್ರಮವು ಮಕ್ಕಳಿಗೆ ಸಹಜವಾಗಿ ಒಗ್ಗುತ್ತದೆ. ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಮೂಲಕ ಅಂತಹ ಹಿರಿಯರನ್ನು ತಿಂಗಳಿಗೊಮ್ಮೆ ಶಾಲೆಗೆ ಆಹ್ವಾನಿಸಬಹುದು. ಅಜ್ಜಿಯರು ಕೆಳದನಿಯಲ್ಲಿ ಹಾಡಿದರೂ ಮಕ್ಕಳಿಗೆ ಹಾಡಿಸುವಾಗ ಶ್ರುತಿಯನ್ನು ಏರಿಸಿಕೊಳ್ಳಬೇಕು. ಜಾನಪದ ಗೀತೆಗಳನ್ನು ಶಾಲಾ ಸಂಗೀತದ ತಳಹದಿಯಾಗಿಸಿದ ಕೊದಾಯ್ ಪರಿಕಲ್ಪನೆಯ ಮೂಲಕ ನಡೆದ ಜಾನಪದ ಸಂಗೀತ ಸಂರಕ್ಷಣೆಯನ್ನು 2016ರಲ್ಲಿ ಯುನೆಸ್ಕೊ ಸಂಸ್ಥೆಯು ಉತ್ತಮ ಸಂರಕ್ಷಣಾ ಕ್ರಮಗಳ ಪಟ್ಟಿಗೆ ಸೇರಿಸಿದೆ.

ಕಾಫಿ ತೋಟಗಳಲ್ಲಿ ದುಡಿಯುವ ಕುಟುಂಬಗಳಲ್ಲಿ ತಮಿಳು, ತುಳು ಮೊದಲಾದ ಭಾಷೆಗಳನ್ನಾಡುವವರೂ ಇರುತ್ತಾರೆ. ಅಂತಹ ಮಗುವಿನ ಮನೆಯ ಜೋಗುಳ ಅಥವಾ ಆಟದ ಹಾಡನ್ನು ತರಗತಿಯಲ್ಲಿ ಹಾಡಲು ಅವಕಾಶ ನೀಡಿದರೆ, ಕನ್ನಡದಲ್ಲಿ ಮಾತನಾಡಲು ಹಿಂಜರಿಯುವ ಮಗುವೂ ಬಾಯಿ ತೆರೆಯುತ್ತದೆ.

ಸ್ವರ ಸೇರದ ಮಕ್ಕಳ ಬಗ್ಗೆ

ಶಾಲಾ ವಾರ್ಷಿಕೋತ್ಸವ ಅಥವಾ ಪ್ರತಿಭಾ ಕಾರಂಜಿಯಂತಹ ಸ್ಪರ್ಧೆಗಳ ಸಿದ್ಧತೆಯ ವೇಳೆ ಸ್ವರ ಸೇರದ ಮಗುವಿಗೆ ‘ನೀನು ಸುಮ್ಮನೆ ತುಟಿ ಆಡಿಸು’ ಎಂದು ಹೇಳುವ ರೂಢಿ ಕೆಲವೆಡೆ ಇದೆ. ಹೇಳುವವರಿಗೆ ಅದು ಒಂದು ದಿನದ ಅನುಕೂಲ. ಆದರೆ ತನಗೆ ಹಾಡಲು ಬರುವುದಿಲ್ಲ ಎಂಬ ತೀರ್ಮಾನವನ್ನು ಆ ಮಗು ಜೀವನಪೂರ್ತಿ ಹೊತ್ತುಕೊಂಡಿರುವುದು ಸಾಧ್ಯ. ಸ್ವರವನ್ನು ಹಿಡಿಯುವ ಸಾಮರ್ಥ್ಯವು ವಯಸ್ಸು ಮತ್ತು ಅಭ್ಯಾಸದೊಂದಿಗೆ ಬೆಳೆಯುತ್ತದೆ. ಆರನೆಯ ವಯಸ್ಸಿನಲ್ಲಿ ಸ್ವರ ಸೇರದ ಅನೇಕ ಮಕ್ಕಳು ಹಾಡುವ ಅವಕಾಶ ದೊರೆತಲ್ಲಿ ಎಂಟು ಅಥವಾ ಒಂಬತ್ತನೆಯ ವಯಸ್ಸಿಗೆ ಸರಿಯಾಗಿ ಹಾಡುತ್ತಾರೆ. ಹಾಡುವುದನ್ನೇ ನಿಲ್ಲಿಸಿದ ಮಗುವಿಗೆ ಆ ಅವಕಾಶ ತಪ್ಪಿಹೋಗುತ್ತದೆ.

ಇಂತಹ ಮಕ್ಕಳಿಗಾಗಿ ಅನುಸರಿಸಬಹುದಾದ ಕ್ರಮ:

1. ಮೊದಲು ಶಿಕ್ಷಕರೇ ಮಗುವಿನ ಸ್ವರಕ್ಕೆ ಹೋಗಬೇಕು. ಮಗು ಹಾಡುತ್ತಿರುವ ಎತ್ತರದಲ್ಲಿಯೇ ತಾವೂ ಹಾಡಿದಾಗ, ಎರಡು ಧ್ವನಿಗಳು ಒಂದಾಗುವ ಅನುಭವ ಮಗುವಿಗೆ ಪ್ರಾಯಶಃ ಮೊದಲ ಬಾರಿ ದೊರೆಯುತ್ತದೆ.
2. ಅಲ್ಲಿಂದ ಒಂದೊಂದೇ ಸ್ವರ ಮೇಲೇರಿ ಮಗುವನ್ನು ಕರೆದೊಯ್ಯಬೇಕು.
3. ಸ್ವರ ಸೇರುವ, ಮೆಲುದನಿಯ ಮಗುವಿನ ಪಕ್ಕದಲ್ಲಿ ಈ ಮಗುವನ್ನು ನಿಲ್ಲಿಸಬೇಕು. ಗಟ್ಟಿಯಾಗಿ ಕೂಗುವವರ ಪಕ್ಕದಲ್ಲಿ ನಿಲ್ಲಿಸಬಾರದು.
4. ಸ್ವರದ ಏರಿಳಿತವನ್ನು ಕೈಯ ಚಲನೆಯಿಂದ ತೋರಿಸಬೇಕು. ಕಿವಿಗೆ ತಿಳಿಯದ ಏರಿಳಿತ ಕೆಲವೊಮ್ಮೆ ಕಣ್ಣಿಗೆ ತಿಳಿಯುತ್ತದೆ.
5. ‘ತಪ್ಪು’ ಎನ್ನುವ ಬದಲು ‘ಇನ್ನೂ ಸ್ವಲ್ಪ ಮೇಲೆ’, ‘ಇನ್ನೂ ಮೆಲ್ಲಗೆ’ ಎಂದು ಮಾಡಬೇಕಾದುದನ್ನು ಹೇಳಬೇಕು.
6. ಇತರ ಮಕ್ಕಳ ಮುಂದೆ ಒಂಟಿಯಾಗಿ ಹಾಡುವಂತೆ ಒತ್ತಾಯಿಸಬಾರದು. ಆದರೆ ತಾನಾಗಿ ಮುಂದೆ ಬಂದರೆ ತಡೆಯಬಾರದು.

ಹಲವು ತಿಂಗಳ ಅಭ್ಯಾಸದ ನಂತರವೂ ಮಗು ಸ್ವರಗಳ ವ್ಯತ್ಯಾಸವನ್ನು ಗುರುತಿಸದಿದ್ದರೆ, ಅದರೊಂದಿಗೆ ಕರೆದಾಗ ಓಗೊಡದಿರುವುದು, ಮಾತು ಅಸ್ಪಷ್ಟವಾಗಿರುವುದು ಅಥವಾ ಕಿವಿ ಸೋರುವುದು ಕಂಡುಬಂದರೆ, ಶ್ರವಣ ಪರೀಕ್ಷೆ ಮಾಡಿಸುವುದು ಅವಶ್ಯ.

ಕಂಠದ ಆರೋಗ್ಯ

ಸತತವಾಗಿ ಕೂಗುವ ಮಕ್ಕಳಲ್ಲಿ ಧ್ವನಿ ತಂತುಗಳು ಊದಿಕೊಂಡು, ಕ್ರಮೇಣ ಅವುಗಳ ಅಂಚಿನಲ್ಲಿ ಸಣ್ಣ ಗಂಟುಗಳು ಉಂಟಾಗಬಹುದು. ಮಕ್ಕಳ ಧ್ವನಿ ದೀರ್ಘಕಾಲ ಒಡೆದಿರಲು ಇದು ಸಾಮಾನ್ಯ ಕಾರಣಗಳಲ್ಲೊಂದು. ಹೆಚ್ಚಿನ ಪ್ರಕರಣಗಳಲ್ಲಿ ಶಸ್ತ್ರಚಿಕಿತ್ಸೆಯ ಅಗತ್ಯ ಬೀಳುವುದಿಲ್ಲ. ಧ್ವನಿಯನ್ನು ಬಳಸುವ ಕ್ರಮವನ್ನು ತಿದ್ದುವುದರಿಂದಲೇ ಗುಣ ಕಾಣುತ್ತದೆ.

1. ನೆಗಡಿ, ಕೆಮ್ಮು ಅಥವಾ ಗಂಟಲು ನೋವು ಇರುವ ಮಗುವನ್ನು ಹಾಡಲು ಒತ್ತಾಯಿಸಬಾರದು. ಆ ಮಗುವಿಗೆ ತಾಳ ಹಾಕುವ ಕೆಲಸ ವಹಿಸಬಹುದು.
2. ಮಕ್ಕಳು ದಿನವಿಡೀ ಆಗಾಗ್ಗೆ ನೀರು ಕುಡಿಯುವಂತೆ ನೋಡಿಕೊಳ್ಳಬೇಕು. ಚಳಿಯ ಪ್ರದೇಶದಲ್ಲಿ ಬಾಯಾರಿಕೆ ತೋರದ ಕಾರಣ ಮಕ್ಕಳು ನೀರು ಕುಡಿಯುವುದು ಕಡಿಮೆ.
3. ಹಾಡುವಾಗ ಕತ್ತಿನ ನರಗಳು ಉಬ್ಬುವುದು, ಗಲ್ಲ ಮುಂದಕ್ಕೆ ಚಾಚುವುದು, ಮುಖ ಕೆಂಪಾಗುವುದು ಶ್ರಮದ ಲಕ್ಷಣಗಳು. ಕೂಡಲೇ ಶ್ರುತಿಯನ್ನು ಅಥವಾ ದನಿಯನ್ನು ತಗ್ಗಿಸಬೇಕು.
4. ಧ್ವನಿ ಒಡೆದಿರುವುದು ಎರಡು–ಮೂರು ವಾರಗಳಿಗಿಂತ ಹೆಚ್ಚು ಕಾಲ ಮುಂದುವರಿದರೆ ಕಿವಿ, ಮೂಗು, ಗಂಟಲು ತಜ್ಞರನ್ನು ಕಾಣಬೇಕು. ಮನೆಮದ್ದು ಇದಕ್ಕೆ ಬದಲಿಯಲ್ಲ.
5. ಉಸಿರಾಡುವಾಗ ಸದ್ದು ಬರುವುದು ಅಥವಾ ಉಸಿರಾಟಕ್ಕೆ ತೊಂದರೆಯಾಗುವುದು ಕಂಡುಬಂದರೆ ತಕ್ಷಣವೇ ಆಸ್ಪತ್ರೆಗೆ ಕರೆದೊಯ್ಯಬೇಕು.

ಪೋಷಕರು ಪಡೆಯಬಹುದಾದ ಸೇವೆಗಳು

ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮವು 2013ರಲ್ಲಿ ಜಾರಿಗೆ ಬಂದಿದ್ದು, ಅದರ ಅಡಿಯಲ್ಲಿ ಅಂಗನವಾಡಿ ಮಕ್ಕಳನ್ನು ವರ್ಷಕ್ಕೆ ಎರಡು ಬಾರಿ ಮತ್ತು ಸರ್ಕಾರಿ ಹಾಗೂ ಅನುದಾನಿತ ಶಾಲೆಗಳ ಮಕ್ಕಳನ್ನು ವರ್ಷಕ್ಕೆ ಒಂದು ಬಾರಿ ಸಂಚಾರಿ ಆರೋಗ್ಯ ತಂಡವು ಉಚಿತವಾಗಿ ತಪಾಸಣೆ ಮಾಡುವ ವ್ಯವಸ್ಥೆಯಿದೆ. ಶ್ರವಣದೋಷವೂ ತಪಾಸಣೆಯ ಅಂಶಗಳಲ್ಲಿ ಸೇರಿದೆ. ತಂಡವು ಶಾಲೆಗೆ ಭೇಟಿ ನೀಡುವ ದಿನವನ್ನು ಮುಖ್ಯ ಶಿಕ್ಷಕರಿಂದ ತಿಳಿದುಕೊಂಡು, ಮಗುವಿನ ಕಿವಿ ಅಥವಾ ಧ್ವನಿಯ ತೊಂದರೆ ಇದ್ದಲ್ಲಿ ಪೋಷಕರು ಆ ದಿನ ಖುದ್ದಾಗಿ ಹಾಜರಿದ್ದು ವೈದ್ಯರ ಗಮನಕ್ಕೆ ತರುವುದು ಸೂಕ್ತ. ದೂರದ ಊರುಗಳ ಪೋಷಕರು ಆ ದಿನದವರೆಗೆ ಕಾಯದೆ ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿಯೂ ವಿಚಾರಿಸಬಹುದು. ಹೆಚ್ಚಿನ ಪರೀಕ್ಷೆಯ ಅಗತ್ಯ ಕಂಡುಬಂದಲ್ಲಿ ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಮಾತು, ಧ್ವನಿ ಮತ್ತು ಶ್ರವಣಕ್ಕೆ ಸಂಬಂಧಿಸಿದ ತಪಾಸಣೆ ಹಾಗೂ ಚಿಕಿತ್ಸಾ ಸೌಲಭ್ಯಗಳಿವೆ.

ಶಾಲೆಯಲ್ಲಿ ಹಾಡಿಗೆ ಸಮಯ ಮೀಸಲಿಡುವುದು, ಶ್ರುತಿ ಪೆಟ್ಟಿಗೆ ಒದಗಿಸುವುದು ಅಥವಾ ಊರಿನ ಹಾಡುಗಾರರನ್ನು ಆಹ್ವಾನಿಸುವುದು ಮುಂತಾದ ವಿಷಯಗಳನ್ನು ಪೋಷ‌ಕರು ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಸಭೆಯಲ್ಲಿ ಪ್ರಸ್ತಾಪಿಸಬಹುದು.

ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಮಗುವನ್ನು ಯಾವ ವಯಸ್ಸಿನಲ್ಲಿ ಶಾಸ್ತ್ರೀಯ ಸಂಗೀತ ತರಗತಿಗೆ ಸೇರಿಸಬಹುದು?
ಉತ್ತರ: ಇದಕ್ಕೆ ನಿಗದಿತ ವಯಸ್ಸಿಲ್ಲ. ಮಗು ತನ್ನ ಹಾಡುವ ದನಿಯಲ್ಲಿ ಐದಾರು ಸ್ವರಗಳನ್ನು ಆಯಾಸವಿಲ್ಲದೆ ಹಾಡಬಲ್ಲುದಾದರೆ ಮತ್ತು ಅದಕ್ಕೆ ಆಸಕ್ತಿಯಿದ್ದರೆ ಸೇರಿಸಬಹುದು. ಶಿಕ್ಷಕರು ಮಗುವಿನ ಕಂಠಕ್ಕೆ ತಕ್ಕ ಶ್ರುತಿಯನ್ನು ಇಡುತ್ತಾರೆಯೇ ಎಂಬುದನ್ನು ವಿಚಾರಿಸುವುದು ಒಳ್ಳೆಯದು.

ಪ್ರಶ್ನೆ: ಮೆಲುದನಿಯಲ್ಲಿ ಹಾಡಿದರೆ ಮಗುವಿನ ಧ್ವನಿ ಬಲಹೀನವಾಗುವುದಿಲ್ಲವೇ?
ಉತ್ತರ: ಇಲ್ಲ. ಸರಿಯಾದ ಶ್ರುತಿಯಲ್ಲಿ, ನಿಲುಕುವ ಉಸಿರಿನಲ್ಲಿ ಹಾಡಿದ ಧ್ವನಿಯು ಕಾಲಕ್ರಮದಲ್ಲಿ ತಾನಾಗಿಯೇ ತುಂಬಿಕೊಳ್ಳುತ್ತದೆ. ಕೂಗಿನಿಂದ ಸದ್ದು ಹೆಚ್ಚುತ್ತದೆಯೇ ಹೊರತು ಧ್ವನಿ ಬೆಳೆಯುವುದಿಲ್ಲ.

ಪ್ರಶ್ನೆ: ಹನ್ನೆರಡು–ಹದಿಮೂರು ವರ್ಷದ ಹುಡುಗನ ಧ್ವನಿ ಒಡೆಯುತ್ತಿದೆ. ಹಾಡುವುದನ್ನು ನಿಲ್ಲಿಸಬೇಕೇ?
ಉತ್ತರ: ಈ ವಯಸ್ಸಿನಲ್ಲಿ ಧ್ವನಿ ತಂತುಗಳು ಉದ್ದವಾಗಿ ಬೆಳೆಯುವುದರಿಂದ ಧ್ವನಿ ಇಳಿಯುವುದು ಸಹಜ. ಹಾಡುವುದನ್ನು ನಿಲ್ಲಿಸಬೇಕಾಗಿಲ್ಲ. ಶ್ರುತಿಯನ್ನು ಇಳಿಸಿ, ಎಟಕುವ ಕೆಲವೇ ಸ್ವರಗಳಲ್ಲಿ ಹಾಡಿದರೆ ಸಾಕು. ಧ್ವನಿ ಒಡೆದುದಕ್ಕಾಗಿ ಇತರರು ಹಾಸ್ಯ ಮಾಡದಂತೆ ಶಿಕ್ಷಕರು ನೋಡಿಕೊಳ್ಳಬೇಕು.

ಪ್ರಶ್ನೆ: ಮನೆಯಲ್ಲಿ ಯಾರಿಗೂ ಹಾಡಲು ಬರುವುದಿಲ್ಲ. ಪೋಷಕರು ಏನು ಮಾಡಬಹುದು?
ಉತ್ತರ: ಮಗು ಶಾಲೆಯಲ್ಲಿ ಕಲಿತ ಹಾಡನ್ನು ದಿನಕ್ಕೊಮ್ಮೆ ಹಾಡಿಸಿ ಕೇಳಬಹುದು. ಕೇಳುವಾಗ ದೂರದರ್ಶನ ಅಥವಾ ಮೊಬೈಲ್ ಫೋನಿನ ಸದ್ದನ್ನು ನಿಲ್ಲಿಸುವುದು ಅವಶ್ಯ. ಮಗು ತನ್ನ ಸ್ವರವನ್ನು ತಾನು ಕೇಳಿಸಿಕೊಳ್ಳಲು ಅಷ್ಟು ನಿಶ್ಶಬ್ದ ಬೇಕು.